ಎರಡು ಇಂಚಿನ ಅಂತರ: ಲ್ಯಾಂಕಾಸ್ಟರ್ ಬಾಂಬರಿನ ಏಳು ಮಂದಿ

ಈ ಮೇಜಿನ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಎರಡು ಚೌಕಟ್ಟುಗಳಿವೆ. ಎರಡರ ಉದ್ದವೂ ಒಂದೇ, ಇಪ್ಪತ್ತಾರೂವರೆ ಇಂಚು. ಅಗಲ ಮಾತ್ರ ಬೇರೆ. ಒಂದು 22 ಇಂಚು, ಅಂದರೆ ಮೊಳದ ಮೇಲೆ ನಾಲ್ಕೈದು ಬೆರಳು. ಇನ್ನೊಂದು 24 ಇಂಚು. ಹಿಂದಿನ ಸಾಲಿನಲ್ಲಿ ಕೂತವರಿಗೆ ಯಾವುದು ಯಾವುದೆಂದು ತಿಳಿಯಲಿಕ್ಕಿಲ್ಲ, ಅಷ್ಟು ಕಡಿಮೆ ವ್ಯತ್ಯಾಸ. ಚಿಕ್ಕದು ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಲ್ಯಾಂಕಾಸ್ಟರ್‌ನ ಮೂತಿಯ ನೆಲದಲ್ಲಿದ್ದ ತುರ್ತು ಬಾಗಿಲಿನ ಅಳತೆ. ದೊಡ್ಡದು ಅದರ ಜೊತೆಯಲ್ಲೇ ಹಾರುತ್ತಿದ್ದ ಹ್ಯಾಲಿಫ್ಯಾಕ್ಸ್ ವಿಮಾನದ್ದು.

ಶತ್ರುವಿನ ಹೊಡೆತಕ್ಕೆ ಉರುಳಿದ ಹ್ಯಾಲಿಫ್ಯಾಕ್ಸ್‌ಗಳಿಂದ ನೂರಕ್ಕೆ ಸುಮಾರು 25 ಮಂದಿ ಜೀವಸಹಿತ ಹೊರಬಿದ್ದರು. ಲ್ಯಾಂಕಾಸ್ಟರ್‌ಗಳಿಂದ ಹೊರಬಿದ್ದವರು ಸುಮಾರು 15. ಒಂದು ಲ್ಯಾಂಕಾಸ್ಟರ್‌ನಲ್ಲಿ ಏಳು ಜನ ಇರುತ್ತಿದ್ದರು. ಲೆಕ್ಕ ಹಾಕಿ, ಏಳರಲ್ಲಿ ಒಬ್ಬ. ಹಗಲು ಹೊತ್ತಿನಲ್ಲಿ ಹಾರುತ್ತಿದ್ದ ಅಮೆರಿಕನ್ ಬಾಂಬರ್‌ಗಳಿಂದ ಅರ್ಧದಷ್ಟು ಜನ ಉಳಿಯುತ್ತಿದ್ದರು. ಹಾರಾಟಕ್ಕೆ, ಭಾರ ಹೊರುವುದಕ್ಕೆ, ಎತ್ತರಕ್ಕೆ ಏರುವುದಕ್ಕೆ ಲ್ಯಾಂಕಾಸ್ಟರ್ ಹ್ಯಾಲಿಫ್ಯಾಕ್ಸ್‌ಗಿಂತ ಮೇಲು ಎಂಬ ಹೆಸರಿತ್ತು. ಹೊರಬೀಳುವುದಕ್ಕೆ ಮಾತ್ರ ಅದು ಇವೆಲ್ಲಕ್ಕಿಂತ ಕೆಟ್ಟ ವಿಮಾನವಾಗಿತ್ತು.

ಇವತ್ತಿನ ಮಾತು ಆ ಏಳು ಮಂದಿಯ ಧೈರ್ಯದ ಬಗ್ಗೆ. ಧೈರ್ಯವನ್ನು ಹೊಗಳುವುದು ಸುಲಭ. ಆ ಧೈರ್ಯ ಎಷ್ಟು ಜಾಗದಲ್ಲಿ, ಎಷ್ಟು ಸೆಕೆಂಡಿನಲ್ಲಿ, ಕೈಗೆ ಏನು ಸಿಕ್ಕಾಗ ಕೆಲಸ ಮಾಡಬೇಕಿತ್ತು ಎಂದು ತಿಳಿಯದೆ ಹೊಗಳಿದರೆ ಅವರಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ. ಹಾಗಾಗಿ ಮೊದಲು ವಿಮಾನದೊಳಗೆ ಹೋಗೋಣ.

ಬಾಲದ ಹತ್ತಿರ ಬಲಬದಿಗೆ ಬಾಗಿಲು. ಏಣಿ ಹತ್ತಿ ಒಳಗೆ ಕಾಲಿಟ್ಟು ಎಡಕ್ಕೆ ತಿರುಗಿದರೆ ಬಾಲದ ತುದಿಯಲ್ಲಿ ಹಿಂದಿನ ಗನ್ನರ್‌ನ ಟರೆಟ್, ಅಂದರೆ ಸುತ್ತ ತಿರುಗುವ ಗಾಜಿನ ಗೂಡು, ಅದರಲ್ಲಿ ನಾಲ್ಕು ಬ್ರೌನಿಂಗ್ ಮೆಷಿನ್‌ಗನ್‌ಗಳು. ಬಲಕ್ಕೆ ಹೊರಟರೆ ಬೆನ್ನಿನ ಮೇಲಿನ ಟರೆಟ್, ಅಲ್ಲಿ ಇನ್ನೊಬ್ಬ ಗನ್ನರ್, ಎರಡು ಗನ್. ಇನ್ನೂ ಮುಂದೆ ಹೋದರೆ ದಾರಿಗೆ ಅಡ್ಡವಾಗಿ ಒಂದು ದಪ್ಪ ತೊಲೆ. ರೆಕ್ಕೆಯಿಂದ ರೆಕ್ಕೆಗೆ ಹೋಗುವ ಮುಖ್ಯ ತೊಲೆ ಅದು, ಮೇನ್ ಸ್ಪಾರ್. ಹಗಲಿನಲ್ಲಿ, ನೆಲದ ಮೇಲೆ ನಿಂತ ವಿಮಾನದಲ್ಲೇ ಅದನ್ನು ಹತ್ತಿ ದಾಟಬೇಕಾದರೆ ಬಗ್ಗಿ, ಕೈಯೂರಿ, ಒಂದೊಂದೇ ಕಾಲು ಎತ್ತಿಡಬೇಕು. ಅದರಾಚೆ ವೈರ್‌ಲೆಸ್ ಆಪರೇಟರ್, ಆಮೇಲೆ ಪರದೆಯ ಹಿಂದೆ ನಕ್ಷೆ ಹರಡಿಕೊಂಡು ಕೂತ ನ್ಯಾವಿಗೇಟರ್, ಪಕ್ಕಪಕ್ಕದಲ್ಲಿ ಪೈಲಟ್ ಮತ್ತು ಫ್ಲೈಟ್ ಇಂಜಿನಿಯರ್. ಅವರ ಕಾಲ ಕೆಳಗೆ, ಮೂತಿಯಲ್ಲಿ ಬೋರಲು ಮಲಗಿದ ಬಾಂಬ್ ಏಮರ್, ಅಂದರೆ ಗುರಿ ನೋಡಿ ಬಾಂಬು ಬಿಡುವವನು. ಅವನು ಮಲಗುವ ಮೆತ್ತೆಯ ಅಡಿಯಲ್ಲೇ ಆ 22 ಇಂಚಿನ ಬಾಗಿಲು.

ಇವರೆಲ್ಲ ಸ್ವಯಂಸೇವಕರು. ಬಾಂಬರ್‌ಗೆ ಯಾರನ್ನೂ ಕಡ್ಡಾಯವಾಗಿ ಕಳಿಸುತ್ತಿರಲಿಲ್ಲ. ಸರಾಸರಿ ವಯಸ್ಸು 22. ಬ್ರಿಟನ್ನಿನವರ ಜೊತೆಗೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡ್, ವೆಸ್ಟ್ ಇಂಡೀಸ್‌ನ ಹುಡುಗರು. ತಂಡ ಕಟ್ಟುವ ಕ್ರಮವೂ ಸೈನ್ಯದ್ದೆನ್ನಿಸುವುದಿಲ್ಲ: ತರಬೇತಿ ಮುಗಿಸಿದವರನ್ನೆಲ್ಲ ಒಂದು ದೊಡ್ಡ ಹ್ಯಾಂಗರ್‌ಗೆ ಬಿಟ್ಟು, ನೀವೇ ಮಾತಾಡಿಕೊಂಡು ಜೊತೆಯಾಗಿ ಎನ್ನುತ್ತಿದ್ದರು. ಬಹುಶಃ ಇಡೀ ವ್ಯವಸ್ಥೆಯ ಅತ್ಯಂತ ಜಾಣ ನಿರ್ಧಾರ ಇದೇ. ತಾನೇ ಆರಿಸಿಕೊಂಡ ಗೆಳೆಯನನ್ನು ನಡುನೀರಿನಲ್ಲಿ ಬಿಟ್ಟು ಬರುವುದು ಯಾರಿಗಾದರೂ ಕಷ್ಟ.

ಹೊರಡುವ ಮುಂಚೆ ಊಟಕ್ಕೆ ಮೊಟ್ಟೆ ಸಿಗುತ್ತಿತ್ತು. ಆ ಕಾಲದ ಬ್ರಿಟನ್ನಿನಲ್ಲಿ ಸಾಮಾನ್ಯ ಜನರಿಗೆ ವಾರಕ್ಕೆ ಒಂದು ಮೊಟ್ಟೆಯ ರೇಷನ್. ಹಾಗಾಗಿ ತಟ್ಟೆಯಲ್ಲಿ ಮೊಟ್ಟೆ ಬಿತ್ತೆಂದರೆ ಆ ರಾತ್ರಿ ಹಾರಾಟ ಖಚಿತ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ವಿಮಾನದ ಟ್ಯಾಂಕುಗಳು ತುಂಬಿದರೆ 2,154 ಗ್ಯಾಲನ್ ಪೆಟ್ರೋಲ್. ಹೊಟ್ಟೆಯಲ್ಲಿ 4,000 ಪೌಂಡಿನ ಒಂದು ದೊಡ್ಡ ಬಾಂಬು, ಅದರ ಸುತ್ತ ನೂರಾರು ಬೆಂಕಿ ಬಾಂಬುಗಳು. ಇಷ್ಟು ಭಾರ ಹೊತ್ತು ರನ್‌ವೇಯಲ್ಲಿ ಓಡುವಾಗ ನಾಲ್ಕು ಇಂಜಿನ್‌ಗಳಲ್ಲಿ ಒಂದು ಕೈಕೊಟ್ಟರೂ ಮುಗಿಯಿತು. ಶತ್ರುವಿನ ಮುಖವನ್ನೇ ನೋಡದೆ, ತರಬೇತಿಯಲ್ಲಿ, ಅಪಘಾತಗಳಲ್ಲಿ ಸತ್ತವರೇ 8,000ಕ್ಕೂ ಹೆಚ್ಚು.

ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಮೊದಲ ಶತ್ರು ಚಳಿ. ಬಾಲದ ಟರೆಟ್‌ನಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಗಾಜಿನ ಮೇಲೆ ಎಣ್ಣೆಯ ಒಂದು ಚುಕ್ಕೆ ಬಿದ್ದಿದ್ದರೂ ಕತ್ತಲಲ್ಲಿ ಅದು ಶತ್ರು ವಿಮಾನದಂತೆ ಕಾಣುತ್ತದೆ. ಆ ಕಾರಣಕ್ಕೆ ಅನೇಕ ಗನ್ನರ್‌ಗಳು ಮುಖದೆದುರಿನ ಗಾಜನ್ನೇ ತೆಗೆಸಿಹಾಕಿ ಬಯಲ ಗಾಳಿಗೆ ಮುಖವೊಡ್ಡಿ ಕೂರುತ್ತಿದ್ದರು. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೊಟ್ಟಿದ್ದರು. ಅದರ ತಂತಿ ಎಲ್ಲಾದರೂ ಕೂಡಿಕೊಂಡರೆ ಒಂದು ಕಡೆ ಮೈ ಸುಡುತ್ತಿತ್ತು, ಇನ್ನೊಂದು ಕಡೆ ಹೆಪ್ಪುಗಟ್ಟುತ್ತಿತ್ತು. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಲ್ಲೇ ಅಂಟಿ ಕಿತ್ತು ಬರುತ್ತಿತ್ತು.

ಎರಡನೆಯದು ಆಮ್ಲಜನಕ. ಉಸಿರಿನ ತೇವ ಮುಖವಾಡದ ಕೊಳವೆಯಲ್ಲಿ ಇಳಿದು ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಗನ್ನರ್ ಆಗಾಗ ಕೊಳವೆಯನ್ನು ಹಿಸುಕಿ ಆ ಗಡ್ಡೆ ಒಡೆಯುತ್ತಿರಬೇಕು. ಮರೆತರೆ? ಆಮ್ಲಜನಕ ಕಡಿಮೆಯಾದಾಗ ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ, ಅದೇ ಅದರ ಮೋಸ. ಮನಸ್ಸಿಗೆ ಹಗುರವೆನ್ನಿಸುತ್ತದೆ, ಕುಡಿದವರ ಹಾಗೆ ಎಲ್ಲವೂ ಚೆನ್ನಾಗಿದೆ ಎನ್ನಿಸುತ್ತದೆ, ಆಮೇಲೆ ಪ್ರಜ್ಞೆ ಹೋಗುತ್ತದೆ. ಅದಕ್ಕಾಗಿ ಪೈಲಟ್ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಂಟರ್‌ಕಾಮ್‌ನಲ್ಲಿ ಒಬ್ಬೊಬ್ಬರನ್ನೂ ಕರೆದು ಮಾತಾಡಿಸುತ್ತಿದ್ದ. ಉತ್ತರ ಬರದಿದ್ದರೆ ಒಬ್ಬ ಸುಮಾರು ಹತ್ತು ನಿಮಿಷ ಬರುವ ಸಣ್ಣ ಸಿಲಿಂಡರ್ ಕೊರಳಿಗೆ ಹಾಕಿಕೊಂಡು, ಕತ್ತಲಲ್ಲಿ, ಆ ತೊಲೆ ದಾಟಿ ಬಾಲದವರೆಗೆ ಹೋಗಿ ಬರಬೇಕು.

ಗುರಿಯ ಮೇಲೆ ಬಂದಾಗ ವಿಮಾನ ಅಲುಗಾಡದೆ ನೇರ ಹಾರಬೇಕು. ಬಾಂಬು ಬಿದ್ದ ಮೇಲೂ ತಿರುಗುವಂತಿಲ್ಲ: ಬಾಂಬಿನ ಜೊತೆ ಒಂದು ಫ್ಲ್ಯಾಶ್ ಬೀಳುತ್ತದೆ, ಅದು ಕೆಳಗೆ ಸಿಡಿಯುವ ಹೊತ್ತಿಗೆ ಕ್ಯಾಮೆರಾ ಫೋಟೋ ತೆಗೆಯಬೇಕು. ಅದಕ್ಕೆ ಸುಮಾರು ಅರ್ಧ ನಿಮಿಷ. ಸುತ್ತ ಫಿರಂಗಿ ಗುಂಡು ಸಿಡಿಯುತ್ತಿರುವಾಗ, ಸರ್ಚ್‌ಲೈಟ್‌ಗಳು ಹುಡುಕುತ್ತಿರುವಾಗ, ಒಂದು ಫೋಟೋಗಾಗಿ ಮೂವತ್ತು ಸೆಕೆಂಡು ನೇರ ಹಾರುವುದು. ಇವರ ಧೈರ್ಯ ಯಾವುದು ಎಂದು ಕೇಳಿದರೆ ನನ್ನ ಮಟ್ಟಿಗೆ ಅದು ಈ ಮೂವತ್ತು ಸೆಕೆಂಡಿನಲ್ಲಿದೆ. ಕೆಳಗೆ ಏನಾಗುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಬೇಕು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ನಡೆದ ದಾಳಿಗಳಲ್ಲಿ 35,000ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಊರಿನ ಸಾಮಾನ್ಯರು. ಮೇಲಿನವರ ಧೈರ್ಯದ ಮಾತಾಡುವಾಗ ಕೆಳಗಿನವರ ಸಾವನ್ನು ಬದಿಗಿಡುವುದು ಸರಿಯಲ್ಲ. ಆ ದಾಳಿಯ ತೀರ್ಮಾನ ಮಾಡಿದವರು ಆ ಏಳು ಹುಡುಗರಲ್ಲ ಎಂಬುದೂ ಅಷ್ಟೇ ನಿಜ.

ಕತ್ತಲಲ್ಲಿ ಬರುವ ಜರ್ಮನ್ ಫೈಟರ್‌ನಿಂದ ತಪ್ಪಿಸಿಕೊಳ್ಳಲು ಒಂದೇ ಒಂದು ಒಳ್ಳೆಯ ಉಪಾಯವಿತ್ತು, ಕಾರ್ಕ್‌ಸ್ಕ್ರೂ. ಹಿಂದಿನ ಗನ್ನರ್ ಶತ್ರುವನ್ನು ಕಂಡ ಕೂಡಲೇ ಅವನು ಬರುತ್ತಿರುವ ದಿಕ್ಕನ್ನು ಹೇಳಿ ‘ಕಾರ್ಕ್‌ಸ್ಕ್ರೂ, ಗೋ’ ಎಂದು ಕೂಗುತ್ತಾನೆ. ಪೈಲಟ್ ಏನೂ ಕೇಳದೆ ಅದೇ ದಿಕ್ಕಿಗೆ, ಶತ್ರು ಇರುವ ಕಡೆಗೇ, ವಿಮಾನವನ್ನು ವಾಲಿಸಿ ಕೆಳಕ್ಕೆ ಧುಮುಕಿಸುತ್ತಾನೆ. ಸುಮಾರು ಸಾವಿರ ಅಡಿ ಇಳಿದು, ಅದೇ ವೇಗದಲ್ಲಿ ಮೇಲಕ್ಕೆಳೆದು, ಇನ್ನೊಂದು ಬದಿಗೆ ಹೊರಳಿಸಿ ಮತ್ತೆ ಏರಿಸುತ್ತಾನೆ, ಮತ್ತೆ ಇಳಿಸುತ್ತಾನೆ. ಸುರುಳಿ ಬಿಡಿಸಿದಂತೆ. ಸರಾಸರಿ ದಿಕ್ಕು ಮಾತ್ರ ಬದಲಾಗಬಾರದು, ಇಲ್ಲದಿದ್ದರೆ ನ್ಯಾವಿಗೇಟರ್‌ನ ಲೆಕ್ಕ ಕೆಡುತ್ತದೆ. ಹತ್ತಾರು ಟನ್ ತೂಕದ ವಿಮಾನವನ್ನು ಬರೀ ತೋಳಿನ ಬಲದಿಂದ ಹೀಗೆ ಆಡಿಸಬೇಕಿತ್ತು.

ಆದರೆ ಈ ಉಪಾಯ ಶತ್ರುವನ್ನು ಕಂಡವರಿಗೆ ಮಾತ್ರ. 1943ರ ದ್ವಿತೀಯಾರ್ಧದಲ್ಲಿ ಜರ್ಮನ್ನರು ಫೈಟರ್‌ಗಳ ಬೆನ್ನಿನ ಮೇಲೆ ಓರೆಯಾಗಿ ಆಕಾಶಕ್ಕೆ ಮುಖಮಾಡಿದ ಫಿರಂಗಿಗಳನ್ನು ಕೂರಿಸಿದರು. ಅದನ್ನವರು ‘ಶ್ರೇಗೆ ಮುಜೀಕ್’ ಎಂದು ಕರೆದರು. ಲ್ಯಾಂಕಾಸ್ಟರ್‌ನ ಹೊಟ್ಟೆಯ ಕೆಳಗೆ ನೋಡಲು ಹೆಚ್ಚಿನ ವಿಮಾನಗಳಲ್ಲಿ ಕಿಟಕಿಯೂ ಇರಲಿಲ್ಲ, ಗನ್ನೂ ಇರಲಿಲ್ಲ. ಫೈಟರ್ ಕೆಳಗಿನಿಂದ ಮೆಲ್ಲಗೆ ಬಂದು, ಬಾಂಬು ಸಿಡಿದರೆ ತನಗೂ ಅಪಾಯವೆಂದು ಹೊಟ್ಟೆಯನ್ನು ಬಿಟ್ಟು, ರೆಕ್ಕೆಯ ಪೆಟ್ರೋಲ್ ಟ್ಯಾಂಕಿಗೆ ಗುರಿಯಿಟ್ಟು ಹೊಡೆಯುತ್ತಿತ್ತು. ಗುಂಡಿನ ಬೆಳಕಿನ ಗೆರೆಯೂ ಕಾಣುತ್ತಿರಲಿಲ್ಲ. ಪಕ್ಕದ ವಿಮಾನ ಇದ್ದಕ್ಕಿದ್ದಂತೆ ಬೆಂಕಿಯ ಉಂಡೆಯಾಗುವುದನ್ನು ಕಂಡ ತಂಡಗಳು, ಅದು ತಮ್ಮನ್ನು ಹೆದರಿಸಲು ಜರ್ಮನ್ನರು ಹಾರಿಸುವ ವಿಶೇಷ ಗುಂಡು, ‘ಸ್ಕೇರ್‌ಕ್ರೋ’, ಎಂದು ನಂಬಿದ್ದವು. ಅಂಥ ಗುಂಡೇ ಇರಲಿಲ್ಲ. ಅವು ನಿಜವಾದ ವಿಮಾನಗಳೇ, ಒಳಗೆ ಏಳು ಜನರಿದ್ದ ವಿಮಾನಗಳು.

ಬ್ರಿಟಿಷ್ ವಾಯುಪಡೆಯ ಬಾಂಬರ್‌ಗಳನ್ನೆಲ್ಲ ನಡೆಸುತ್ತಿದ್ದ ಬಾಂಬರ್ ಕಮಾಂಡ್‌ನ ಸಂಶೋಧನಾ ವಿಭಾಗದಲ್ಲಿ ಆಗ ಫ್ರೀಮನ್ ಡೈಸನ್ ಎಂಬ ಹುಡುಗನಿದ್ದ, 19ನೇ ವಯಸ್ಸಿಗೆ ಸೇರಿದವನು, ಮುಂದೆ ದೊಡ್ಡ ಭೌತವಿಜ್ಞಾನಿಯಾದವನು. ಹೆಚ್ಚು ಬಾರಿ ಹಾರಿದ ತಂಡಕ್ಕೆ ಬದುಕುವ ಸಾಧ್ಯತೆ ಹೆಚ್ಚೇ ಎಂದು ಅಂಕಿಅಂಶ ಹಿಡಿದು ನೋಡಿದ. ಮೊದಲಿನ ವರ್ಷಗಳಲ್ಲಿ ಹಾಗಿತ್ತು. 1944ರ ಹೊತ್ತಿಗೆ ಆ ಅನುಕೂಲ ಮಾಯವಾಗಿತ್ತು. ಕಾಣದ ಕಡೆಯಿಂದ ಹೊಡೆಯುವವನ ಎದುರು ಅನುಭವ ಏನು ಮಾಡೀತು? ಆದರೂ ತಂಡಗಳಿಗೆ ಮಾತ್ರ ‘ಮೊದಲ ಐದಾರು ಹಾರಾಟ ದಾಟಿಬಿಡಿ, ಆಮೇಲೆ ಸುಲಭ’ ಎಂದೇ ಹೇಳಿಕೊಂಡು ಬರಲಾಯಿತು.

ಈಗ ಮತ್ತೆ ಬಾಗಿಲಿಗೆ ಬರೋಣ. ರೆಕ್ಕೆಗೆ ಬೆಂಕಿ ಹತ್ತಿದೆ, ಪೈಲಟ್ ‘ಹಾರಿ’ ಎಂದ. ಪೈಲಟ್ ಬಿಟ್ಟು ಹೆಚ್ಚಿನವರು ಪ್ಯಾರಾಶೂಟನ್ನು ಮೈಮೇಲೆ ಧರಿಸಿರುವುದಿಲ್ಲ. ಇಕ್ಕಟ್ಟಿನಲ್ಲಿ ಕೆಲಸ ಮಾಡಲಾಗದು ಎಂದು ಮೈಗೆ ಪಟ್ಟಿಗಳಷ್ಟೇ ಇರುತ್ತವೆ, ಪೊಟ್ಟಣ ಗೋಡೆಯ ಗೂಡಿನಲ್ಲಿರುತ್ತದೆ. ಅದನ್ನು ಹುಡುಕಿ ತೆಗೆದು ಎದೆಯ ಎರಡು ಕೊಕ್ಕೆಗೆ ಸಿಕ್ಕಿಸಬೇಕು. ಆಮ್ಲಜನಕದ ಕೊಳವೆ, ಇಂಟರ್‌ಕಾಮ್ ತಂತಿ ಎರಡನ್ನೂ ಬಿಚ್ಚಬೇಕು. ಬಿಚ್ಚದೆ ಹಾರಿದರೆ ಕೊರಳಿಗೆ ಉರುಳು. ಬಾಂಬ್ ಏಮರ್ ಮೆತ್ತೆ ಸರಿಸಿ, ಹಿಡಿ ಎಳೆದು, ಬಾಗಿಲನ್ನು ಒಳಕ್ಕೆತ್ತಿ, ಓರೆ ಮಾಡಿ ಹೊರಗೆ ಬಿಸಾಡಬೇಕು. ಇಲ್ಲೇ ಎಡವಟ್ಟಾಗುತ್ತಿದ್ದುದು: ಗಾಳಿಯ ಹೊಡೆತಕ್ಕೆ ಬಾಗಿಲು ತಿರುಚಿಕೊಂಡು ಅದೇ ಕಂಡಿಗೆ ಅಡ್ಡ ಸಿಕ್ಕಿಬೀಳುತ್ತಿತ್ತು. ಮುಂದಿನ ಐದು ಜನಕ್ಕೂ ಅದೊಂದೇ ದಾರಿ. ದಪ್ಪ ಕೋಟು, ಜೀವರಕ್ಷಕ ಜಾಕೆಟ್, ಎದೆಯ ಮೇಲೆ ದಿಂಬಿನಷ್ಟು ಪೊಟ್ಟಣ ಹೊತ್ತವನು 22 ಇಂಚಿನಲ್ಲಿ ತಲೆ ತೂರಿಸಿ ಹೋಗಬೇಕು. ಅಷ್ಟರಲ್ಲಿ ವಿಮಾನ ಗಿರಕಿ ಹೊಡೆಯಲು ಶುರುವಾದರೆ ಮೈ ಗೋಡೆಗೆ ಒತ್ತಿಹೋಗುತ್ತದೆ, ಕೈ ಎತ್ತುವುದೂ ಆಗದು.

ಆ ಸಂಶೋಧನಾ ವಿಭಾಗದಲ್ಲೇ ಡೈಸನ್‌ನ ಸಹೋದ್ಯೋಗಿಯೊಬ್ಬ ಈ ಬಾಗಿಲನ್ನು ಅಗಲಿಸಿ ಎಂದು ವರ್ಷಗಟ್ಟಲೆ ಪತ್ರ ಬರೆದ, ವಾದಿಸಿದ. ಒಪ್ಪಿಗೆ ಸಿಗುವ ಹೊತ್ತಿಗೆ ತಡವಾಗಿತ್ತು. ಎಲ್ಲ ಸಾವಿಗೂ ಎರಡು ಇಂಚೇ ಕಾರಣ ಎಂದು ಹೇಳುತ್ತಿಲ್ಲ. ಲ್ಯಾಂಕಾಸ್ಟರ್ ಹೆಚ್ಚು ಬಾಂಬು ಹೊರುತ್ತಿತ್ತು, ಅದರ ಅಡ್ಡತೊಲೆ ಕಾಲಿಗೆ ತೊಡಕಾಗುತ್ತಿತ್ತು. ಆದರೆ ಬಾಗಿಲು ಮನುಷ್ಯನ ಕೈಯಲ್ಲಿದ್ದ ವಿಷಯ. ಉತ್ಪಾದನೆ ನಿಲ್ಲಬಾರದು ಎಂಬ ಒತ್ತಡದಲ್ಲಿ ಒಂದು ಕಂಡಿಯನ್ನು ಅಗಲ ಮಾಡುವ ಕೆಲಸ ಹಿಂದೆ ಸರಿಯಿತು, ಆ ಹುಡುಗರ ಧೈರ್ಯ ಅದರ ಬೆಲೆ ತೆತ್ತಿತು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ಬಾಲದ ಗನ್ನರ್‌ನ ಪಾಡು ಇನ್ನೂ ಬೇರೆ. ಅವನ ಪ್ಯಾರಾಶೂಟ್ ಟರೆಟ್ಟಿನ ಹೊರಗೆ, ವಿಮಾನದ ಒಡಲಿನೊಳಗೆ ಇರುತ್ತದೆ. ಟರೆಟ್ಟನ್ನು ನೇರಕ್ಕೆ ತಿರುಗಿಸಿ, ಬೆನ್ನ ಹಿಂದಿನ ಪುಟ್ಟ ಬಾಗಿಲು ತೆರೆದು, ಕೈ ಹಿಂದೆ ಚಾಚಿ ಪೊಟ್ಟಣ ಎಳೆದುಕೊಂಡು ಸಿಕ್ಕಿಸಿ, ಮತ್ತೆ ಟರೆಟ್ಟನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನು ಮುಂದಾಗಿ ಆಕಾಶಕ್ಕೆ ಬೀಳಬೇಕು. ಆ ಟರೆಟ್ ತಿರುಗುವುದು ಎಡಗಡೆಯ ಹೊರ ಇಂಜಿನ್ ಒತ್ತುವ ಎಣ್ಣೆಯಿಂದ. ಆ ಇಂಜಿನ್ ಸತ್ತರೆ ಟರೆಟ್ಟೂ ಸತ್ತಂತೆ.

1944ರ ಜೂನ್ 12-13ರ ರಾತ್ರಿ ಫ್ರಾನ್ಸಿನ ಕಾಂಬ್ರೆ ಮೇಲೆ ಆದದ್ದು ಇದೇ. ಕೆನಡಾದ 419ನೇ ಸ್ಕ್ವಾಡ್ರನ್ನಿನ ಒಂದು ಲ್ಯಾಂಕಾಸ್ಟರ್‌ನ ಎಡಗಡೆಯ ಎರಡೂ ಇಂಜಿನ್ ಹೋದವು. ಬಾಲದಲ್ಲಿ ಪ್ಯಾಟ್ ಬ್ರೋಫಿ ಸಿಕ್ಕಿಕೊಂಡ. ಕೈಯಿಂದ ತಿರುಗಿಸುವ ಹಿಡಿಯೂ ಮುರಿಯಿತು. ಬೆನ್ನಿನ ಟರೆಟ್ಟಿನ ಗನ್ನರ್ ಆ್ಯಂಡ್ರ್ಯೂ ಮಿನಾರ್ಸ್ಕಿ ಇಳಿದು ಬಾಗಿಲ ಹತ್ತಿರ ಬಂದಿದ್ದ. ಎರಡು ಹೆಜ್ಜೆ ಇಟ್ಟರೆ ಹೊರಗೆ. ಆಗ ಬ್ರೋಫಿ ಅವನ ಕಣ್ಣಿಗೆ ಬಿದ್ದ. ಮಿನಾರ್ಸ್ಕಿ ಉರಿಯುವ ಎಣ್ಣೆಯ ಮೇಲೆ ಮೊಣಕಾಲೂರಿ ಬಾಲದವರೆಗೆ ತೆವಳಿ, ಕೊಡಲಿಯಿಂದ ಹೊಡೆದ, ಕೊನೆಗೆ ಬರಿಗೈಯಿಂದ ಎಳೆದ. ಸೊಂಟದಿಂದ ಕೆಳಗೆ ಬಟ್ಟೆಗೆ ಬೆಂಕಿ. ಹೋಗು ಹೋಗು ಎಂದು ಬ್ರೋಫಿ ಒಳಗಿನಿಂದ ಕೈಬೀಸಿದ. ಮಿನಾರ್ಸ್ಕಿ ಬೆನ್ನು ತಿರುಗಿಸದೆ ಹಿಂದೆ ಹಿಂದೆ ಸರಿದು, ಬಾಗಿಲಲ್ಲಿ ನೆಟ್ಟಗೆ ನಿಂತು ಗೆಳೆಯನಿಗೆ ಸಲ್ಯೂಟ್ ಹೊಡೆದು ಹಾರಿದ. ಪ್ಯಾರಾಶೂಟ್ ಉರಿಯುತ್ತಿತ್ತು. ಸುಟ್ಟ ಗಾಯಗಳಿಂದ ಸತ್ತ. ವಿಮಾನ ನೆಲಕ್ಕೆ ಬಡಿದಾಗ ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿದ. ಆ ರಾತ್ರಿ ನಡೆದದ್ದು ಲೋಕಕ್ಕೆ ತಿಳಿದದ್ದು ಅವನು ಉಳಿದು ಹೇಳಿದ್ದರಿಂದ. 1946ರಲ್ಲಿ ಮಿನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು.

1944ರ ಏಪ್ರಿಲ್ 26ರ ರಾತ್ರಿ ಜರ್ಮನಿಯ ಶ್ವೈನ್‌ಫರ್ಟ್‌ನಿಂದ ಮರಳುವಾಗ ಫ್ಲೈಟ್ ಇಂಜಿನಿಯರ್ ನಾರ್ಮನ್ ಜಾಕ್ಸನ್ ಅಂಗಿಯೊಳಗೆ ಬೆಂಕಿ ಆರಿಸುವ ಸಿಲಿಂಡರ್ ತುರುಕಿಕೊಂಡು, ಪೈಲಟ್‌ನ ತಲೆಯ ಮೇಲಿನ ಕಂಡಿಯಿಂದ ಹೊರಗೆ, ಗಂಟೆಗೆ 200 ಮೈಲಿಯ ಗಾಳಿಗೆ, ಉರಿಯುವ ರೆಕ್ಕೆಯ ಮೇಲಕ್ಕೆ ಇಳಿದ. ಹತ್ತುವಾಗಲೇ ಅವನ ಪ್ಯಾರಾಶೂಟ್ ಬಿಚ್ಚಿಕೊಂಡಿತು; ಒಳಗಿದ್ದ ಗೆಳೆಯರು ಬಟ್ಟೆಯನ್ನು ಬಾಚಿ ಹಿಡಿದು ಹಗ್ಗವನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಹೋದರು. ಬೆಂಕಿ ಆರಲಿಲ್ಲ. ಕೈ, ಮುಖ ಸುಟ್ಟು, ರೆಕ್ಕೆಯಿಂದ ಜಾರಿ, ಅರ್ಧ ಸುಟ್ಟ ಪ್ಯಾರಾಶೂಟಿನಲ್ಲಿ ನೆಲಕ್ಕೆ ಬಿದ್ದ. ಬದುಕಿದ. ಪೈಲಟ್ ಮತ್ತು ಹಿಂದಿನ ಗನ್ನರ್ ಬದುಕಲಿಲ್ಲ.

ಧೈರ್ಯಕ್ಕೂ ಡ್ರಿಲ್ಲಿಗೂ ಸಂಬಂಧವೇ ಇಲ್ಲದೆ ಉಳಿದವರೂ ಇದ್ದಾರೆ. 1944ರ ಮಾರ್ಚ್ 24ರ ರಾತ್ರಿ ಹಿಂದಿನ ಗನ್ನರ್ ನಿಕೊಲಸ್ ಆಲ್ಕಮೇಡ್ ಕೈ ಚಾಚಿದಾಗ ಅವನ ಪ್ಯಾರಾಶೂಟ್ ಉರಿಯುತ್ತಿತ್ತು. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದು ಮೇಲೆಂದು 18,000 ಅಡಿಯಿಂದ ಹಾಗೇ ಹಾರಿದ. ಪೈನ್ ಮರದ ಕೊಂಬೆಗಳು, ಕೆಳಗೆ ಮೆತ್ತನೆಯ ಹಿಮ. ಕಾಲು ಉಳುಕಿತ್ತು, ಅಷ್ಟೆ.

ಇಂಗ್ಲೆಂಡಿನ ದಾರಿಯಲ್ಲಿ ಸಮುದ್ರವಿದೆ. ಪೆಟ್ರೋಲ್ ಮುಗಿದು ನೀರಿಗಿಳಿಯಬೇಕಾದರೆ ಮೊದಲು ಬಾಂಬ್ ಬಾಗಿಲುಗಳು ಮುಚ್ಚಿವೆಯೇ ನೋಡಬೇಕು. ತೆರೆದಿದ್ದರೆ ನೀರು ಬಗೆದು ನುಗ್ಗಿ ಮೂತಿ ಮುಳುಗುತ್ತದೆ. ವೈರ್‌ಲೆಸ್ ಆಪರೇಟರ್ ತಮ್ಮ ಜಾಗವನ್ನು ಕಳಿಸಿ, ಕೊನೆಗೆ ಮೋರ್ಸ್ ಕೀಲಿಯನ್ನು ಒತ್ತಿದ ಹಾಗೆಯೇ ಬಿಗಿದುಬಿಡುತ್ತಾನೆ, ದಡದವರು ಆ ದನಿಯ ಜಾಡು ಹಿಡಿಯಲೆಂದು. ಬಾಲ ಮೊದಲು ತಾಗುವಂತೆ, ಆದಷ್ಟು ನಿಧಾನವಾಗಿ ಇಳಿಸಬೇಕು. ಬಲರೆಕ್ಕೆಯೊಳಗಿನ ರಬ್ಬರ್ ದೋಣಿ ನೀರು ತಾಗಿದೊಡನೆ ತಾನೇ ಉಬ್ಬಿ ಹೊರಬರುತ್ತದೆ. ಅದನ್ನು ಕಟ್ಟಿದ ಹಗ್ಗ ಕತ್ತರಿಸಲು ಮರೆಯಬಾರದು.

ಸುಟ್ಟು ಬದುಕಿದವರು ಈಸ್ಟ್ ಗ್ರಿನ್‌ಸ್ಟೆಡ್‌ನ ಆಸ್ಪತ್ರೆಗೆ ಬರುತ್ತಿದ್ದರು. ಅಲ್ಲಿನ ಸರ್ಜನ್ ಆರ್ಚಿಬಾಲ್ಡ್ ಮ್ಯಾಕಿಂಡೋ ನ್ಯೂಜಿಲೆಂಡಿನವರು. ಸುಟ್ಟ ಗಾಯಕ್ಕೆ ಆಗ ಟ್ಯಾನಿಕ್ ಆಮ್ಲ ಬಳಿಯುತ್ತಿದ್ದರು. ಅದು ಗಟ್ಟಿ ಹಕ್ಕಳೆಯಾಗಿ ಬೆರಳುಗಳನ್ನು ಮಡಚಿ, ಕಣ್ಣುರೆಪ್ಪೆಗಳನ್ನು ಎಳೆದುಬಿಡುತ್ತಿತ್ತು. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಗಾಯ ಚೆನ್ನಾಗಿ ಮಾಯುವುದನ್ನು ಗಮನಿಸಿದ ಮ್ಯಾಕಿಂಡೋ ಆಮ್ಲ ಬಿಡಿಸಿ ಉಪ್ಪುನೀರಿನ ಸ್ನಾನ ಶುರುಮಾಡಿದರು. ಹೊಸ ಚಿಕಿತ್ಸೆಗಳಿಗೆ ಮೈಯೊಡ್ಡಿದ ಆ ರೋಗಿಗಳು 1941ರಲ್ಲಿ ‘ಗಿನಿ ಪಿಗ್ ಕ್ಲಬ್’ ಎಂದು ತಮಗೆ ಹೆಸರಿಟ್ಟುಕೊಂಡರು. ಯುದ್ಧ ಮುಗಿದಾಗ ಸದಸ್ಯರು 649, ಅವರಲ್ಲಿ ಬಾಂಬರ್‌ನವರೇ ಬಹುಪಾಲು. ಊರಿನವರಿಗೆ ಮ್ಯಾಕಿಂಡೋ ಒಂದೇ ಮಾತು ಕೇಳಿಕೊಂಡದ್ದು: ಇವರು ಬೀದಿಗೆ ಬಂದಾಗ ದಿಟ್ಟಿಸಿ ನೋಡಬೇಡಿ, ಮುಖ ತಿರುಗಿಸಲೂ ಬೇಡಿ.

ಒಟ್ಟು ಲೆಕ್ಕ ಹೀಗಿದೆ. ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,573. ಒಂದು ಸರದಿ ಎಂದರೆ 30 ಹಾರಾಟ. ಪ್ರತಿ ರಾತ್ರಿ ನೂರಕ್ಕೆ ನಾಲ್ಕು ವಿಮಾನ ಹೋಗುತ್ತವೆ ಎಂದಿಟ್ಟುಕೊಳ್ಳಿ, ಕೇಳಲು ಸಣ್ಣ ಸಂಖ್ಯೆ. 0.96ನ್ನು ಮೂವತ್ತು ಸಲ ಗುಣಿಸಿದರೆ ಬರುವುದು 0.29. ನೂರು ತಂಡಗಳಲ್ಲಿ ಸರದಿ ಮುಗಿಸುವುದು 29. ಐದಾದರೆ 21. ಬರ್ಲಿನ್ ಮೇಲಿನ 1943-44ರ ಚಳಿಗಾಲದ ದಾಳಿಗಳಲ್ಲಿ ನಷ್ಟ ಐದನ್ನೂ ಮೀರಿತ್ತು. 1944ರ ಮಾರ್ಚ್ 30ರ ರಾತ್ರಿ, ಬೆಳದಿಂಗಳಲ್ಲಿ, ನ್ಯೂರೆಂಬರ್ಗ್‌ಗೆ ಹೊರಟ 795 ವಿಮಾನಗಳಲ್ಲಿ 95 ಮರಳಲಿಲ್ಲ. ಈ ಗುಣಾಕಾರ ಆ ಹುಡುಗರಿಗೂ ಬರುತ್ತಿತ್ತು, ನ್ಯಾವಿಗೇಟರ್‌ಗಳಂತೂ ಲೆಕ್ಕದವರೇ. ಗೊತ್ತಿದ್ದೂ ಹೋದರು. ಇನ್ನಾಗದು ಎಂದವನ ದಾಖಲೆಯಲ್ಲಿ ‘ನೈತಿಕ ಸ್ಥೈರ್ಯದ ಕೊರತೆ’ ಎಂದು ಬರೆದು, ಪದವಿ ಕಿತ್ತು, ಬೇರೆಡೆಗೆ ಸಾಗಿಸುತ್ತಿದ್ದರು. ಇಪ್ಪತ್ತು ಸಲ ಹೋಗಿ ಬಂದು ಇಪ್ಪತ್ತೊಂದನೆಯದಕ್ಕೆ ಕಾಲು ಏಳದವನಿಗೂ ಅದೇ ಮಾತು. ಅದು ಅನ್ಯಾಯ.

ಈ ಲೋಕಕ್ಕೆ ಬೆಂಗಳೂರಿನ ನಂಟೂ ಇದೆ. ಯುದ್ಧ ಮುಗಿದಾಗ ಅಮೆರಿಕದಲ್ಲಿ ತಯಾರಾದ ಲಿಬರೇಟರ್ ಬಾಂಬರ್‌ಗಳನ್ನು, ಮತ್ತೆ ಹಾರದಂತೆ ಕೆಡಿಸಿ, ಕಾನ್ಪುರದಲ್ಲಿ ಗುಡ್ಡೆ ಹಾಕಲಾಗಿತ್ತು. ಆಗಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು 1948ರಲ್ಲಿ ಅವುಗಳಲ್ಲಿ ಸರಿಯಾದವನ್ನು ಆರಿಸಿ, ಹಾರುವಷ್ಟು ಮಾತ್ರ ರಿಪೇರಿ ಮಾಡಿದರು; ಪೈಲಟ್ ಜಮಶೇದ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ನಲವತ್ತರಷ್ಟು ವಿಮಾನ ಇಲ್ಲಿ ಹೊಸದಾದವು, ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ಹಾರಿದವು. ಇಂದು ಬ್ರಿಟನ್, ಅಮೆರಿಕ, ಕೆನಡಾದ ಮ್ಯೂಸಿಯಂಗಳಲ್ಲಿರುವ ಲಿಬರೇಟರ್‌ಗಳಲ್ಲಿ ಹಲವು ಇಲ್ಲಿಂದ ಹೋದವೇ. ಎಂದಾದರೂ ನೋಡಲು ಸಿಕ್ಕರೆ ಬಾಂಬ್ ಕೋಣೆಯ ನಡುವಿನ ಕಾಲುಹಲಗೆ ಗಮನಿಸಿ: ಒಂದು ಗೇಣು ಅಗಲ, ಪ್ಯಾರಾಶೂಟ್ ಕಟ್ಟಿಕೊಂಡವನು ಅಡ್ಡಡ್ಡ ನಡೆಯಬೇಕು.

ಈ ಎರಡು ಚೌಕಟ್ಟುಗಳನ್ನು ಬಾಗಿಲ ಹತ್ತಿರ ನೆಲದ ಮೇಲೆ ಇಡುತ್ತೇವೆ. ಪಕ್ಕದಲ್ಲಿ ಒಂದು ದಪ್ಪ ಕೋಟೂ ಎದೆಗೆ ಕಟ್ಟಿಕೊಳ್ಳುವ ದಿಂಬೂ ಇವೆ. ಹೋಗುವಾಗ ಕೋಟು ತೊಟ್ಟು, ದಿಂಬು ಕಟ್ಟಿಕೊಂಡು, ಮೊದಲು 24ರದ್ದರಲ್ಲಿ ತೂರಿ ನೋಡಿ, ಆಮೇಲೆ 22ರದ್ದರಲ್ಲಿ.